ಸಾಕವ್ವನ ಹುಂಜ ಯಾವ ಕಂಡಿಕೆಯಲ್ಲಿದೆ?

ಈಚೆಗೆ ನಾನು ಓದಿದ ಅತ್ಯಂತ ನೀರಸ ಕನ್ನಡ ಗದ್ಯವೆಂದರೆ ಒಂದು ಗ್ರಾಮ ಪಂಚಾಯಿತಿಯ ಲೆಕ್ಕ ಪರಿಶೋಧನಾ ವರದಿ. ಮೈಸೂರಿನಿಂದ ನಮ್ಮೂರು ಬಿಳಿಗೆರೆಗೆ ಹೋಗುವ ಬಸ್ಸಿನಲ್ಲಿ, ಮೊಬೈಲಿನಲ್ಲೇ ಓದಿದೆ. ಬಸ್ ಹತ್ತಿದಾಗ ಶುರು ಮಾಡಿದ್ದು ಊರು ಬರುವಷ್ಟರಲ್ಲಿ ಮುಗಿದೇ ಹೋಯಿತು. ನಾನು ಅಂಥ ವೇಗದ ಓದುಗನಲ್ಲ. ಅರ್ಧಕ್ಕರ್ಧ ವಾಕ್ಯಗಳು ಒಂದೇ ಆಗಿದ್ದವು, ಅಷ್ಟೆ. ಓಚರಿಗೆ ಸಹಿ ಇಲ್ಲ. ರಸೀದಿ ಹಾಜರುಪಡಿಸಿಲ್ಲ. ದಾಸ್ತಾನು ವಹಿಯಲ್ಲಿ ನಮೂದಿಸಿಲ್ಲ. ಆದ್ದರಿಂದ ಮೊತ್ತವನ್ನು ಆಕ್ಷೇಪಣೆಯಲ್ಲಿಡಲಾಗಿದೆ, ಅನುಪಾಲನಾ ವರದಿ ಸಲ್ಲಿಸತಕ್ಕದ್ದು. ಹೀಗೆ ಹತ್ತೊಂಬತ್ತು ಕಂಡಿಕೆಗಳು.

ಓದಲು ಕಾರಣ ನನ್ನ ಚಿಕ್ಕವ್ವ. ಅವಳನ್ನು ಕೊಟ್ಟ ಊರಿನ ಹೆಸರು ಇಲ್ಲಿ ಬೇಡ. ನಮ್ಮೂರಲ್ಲ, ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಎಲ್ಲೋ ಒಂದು ಊರು ಎಂದುಕೊಳ್ಳಿ. ಒಂದು ಬೇಸಿಗೆಯಲ್ಲಿ ಅವಳು ನರೇಗಾದಲ್ಲಿ ಕಟ್ಟೆಯ ಹೂಳೆತ್ತುವ ಕೆಲಸಕ್ಕೆ ಹೋಗಿದ್ದಳು. 14 ದಿನ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆದಿದ್ದಾಳೆ, ಈಗಲೂ ಹೋಗಿ ಎಣಿಸಬಹುದು. ಖಾತೆಗೆ ಬಂದದ್ದು 8 ದಿನದ ಕೂಲಿ. "ಆಡಿಟ್ ಆಯ್ತಂತಲ್ಲ ಮೊಗ, ಅದ್ರಲ್ಲಿ ನಂದು ಏನಾದ್ರೂ ಬರ್ದವ್ರಾ ನೋಡು" ಅಂದಳು. ಅದೇ ವರ್ಷದ ವರದಿಯನ್ನು ಹುಡುಕಿ ಇಳಿಸಿಕೊಂಡು ಓದಿದೆ. ಬೀದಿದೀಪದ ಬಲ್ಬು ಖರೀದಿಯ ಬಗ್ಗೆ ಒಂದು ಕಂಡಿಕೆಯಿದೆ. ಕುಡಿಯುವ ನೀರಿನ ಮೋಟಾರು ರಿಪೇರಿಯ ಬಗ್ಗೆ ಎರಡು. ಕಂದಾಯ ಬಾಕಿಯ ಬಗ್ಗೆ ಉದ್ದನೆಯದೊಂದು. ಚಿಕ್ಕವ್ವನ 6 ದಿನ ಎಲ್ಲೂ ಇಲ್ಲ.

ನಮ್ಮ ತಾಲ್ಲೂಕಿನವರೇ ಆದ ದೇವನೂರ ಮಹಾದೇವರ 'ಒಡಲಾಳ' ಆಗ ನೆನಪಾಯಿತು. ಅದರಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕಾಡುತ್ತಾಳೆ. ಆದರೆ ಸರ್ಕಾರ, ಅಂದರೆ ಪೊಲೀಸರು, ಅವಳ ಗುಡಿಸಲಿಗೆ ಬರುವುದು ಸಾಹುಕಾರನ ಕಡಲೆಕಾಯಿಯನ್ನು ಹುಡುಕಿಕೊಂಡು. ಎಂ.ಎ. ತರಗತಿಯಲ್ಲಿ ಇದನ್ನು ಹಸಿವಿನ ಕಥನವೆಂದು, ಉಪಭಾಷೆಯ ಸೊಗಸೆಂದು ಓದಿದ್ದೆವು. ಇದು ಲೆಕ್ಕ ತಪಾಸಣೆಯ ಕಥೆಯೂ ಹೌದೆಂದು ನನಗೆ ತಿಳಿದದ್ದು ಬಸ್ಸಿನಲ್ಲಿ. ಯಾರ ನಷ್ಟ ನಷ್ಟ? ಯಾವ ನಷ್ಟಕ್ಕೆ ತನಿಖೆಯಿದೆ, ಯಾವುದಕ್ಕೆ ಬರೀ ಗೊಣಗಾಟವಿದೆ? ನಮ್ಮ ಲೆಕ್ಕ ಪರಿಶೋಧನೆ ಕಡಲೆಕಾಯಿಯನ್ನು ಮಾತ್ರ ಹುಡುಕುತ್ತದೆ. ಹುಂಜಕ್ಕೆ ಕಂಡಿಕೆ ಸಂಖ್ಯೆ ಇಲ್ಲ.

ತಪಾಸಣೆ ಕಡಿಮೆಯಾಯಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಟಿ.ವಿ. ಚರ್ಚೆಗಳಲ್ಲಿ ಭ್ರಷ್ಟಾಚಾರದ ಮಾತು ಬಂದ ಕೂಡಲೇ ಯಾರಾದರೊಬ್ಬರು "ಕಟ್ಟುನಿಟ್ಟಾದ ಆಡಿಟ್ ಆಗಬೇಕು" ಅನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆಗುತ್ತಲೇ ಇದೆ ಸ್ವಾಮಿ. ಈ ದೇಶದಲ್ಲಿ ಮೊದಲ ಮಹಾ ಲೆಕ್ಕ ಪರಿಶೋಧಕ ಅಧಿಕಾರ ವಹಿಸಿಕೊಂಡದ್ದು 1860ರ ನವೆಂಬರ್ 16ರಂದು, ಬ್ರಿಟಿಷ್ ರಾಣಿಯ ಸರ್ಕಾರ ಕಂಪನಿಯ ಕೈಯಿಂದ ಆಡಳಿತ ತೆಗೆದುಕೊಂಡ ಎರಡು ವರ್ಷಕ್ಕೆ. ಸಂವಿಧಾನ ಆ ಹುದ್ದೆಗೆ 148ನೇ ವಿಧಿಯಲ್ಲಿ ಗೌರವದ ಜಾಗ ಕೊಟ್ಟಿತು. 73ನೇ ತಿದ್ದುಪಡಿಯಿಂದ ಪಂಚಾಯಿತಿಗಳಿಗೆ ಸಂವಿಧಾನದ ಬಲ ಬಂದಾಗ ಅವುಗಳ ಲೆಕ್ಕ ತಪಾಸಣೆಯನ್ನು 243-ಜೆ ವಿಧಿ ಆಯಾ ರಾಜ್ಯಕ್ಕೆ ಬಿಟ್ಟಿತು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ರಾಜ್ಯ ಲೆಕ್ಕಪತ್ರ ಇಲಾಖೆಗೆ ವಹಿಸಿತು. ಇವತ್ತು ಅದರ ಹೆಸರು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ಇದರ ಮೇಲೆ ಸಿ.ಎ.ಜಿ.ಯ ತಾಂತ್ರಿಕ ಮೇಲ್ವಿಚಾರಣೆ, ಹನ್ನೊಂದನೇ ಹಣಕಾಸು ಆಯೋಗದ ಶಿಫಾರಸಿನಿಂದ ಬಂದದ್ದು. ಅದರ ಮೇಲೆ, 2020ರಿಂದ, ಆಡಿಟ್‌ಆನ್‌ಲೈನ್ ಎಂಬ ತಂತ್ರಾಂಶ. ಲೆಕ್ಕ ಜಾಲತಾಣದಲ್ಲಿಲ್ಲದಿದ್ದರೆ ಅನುದಾನವಿಲ್ಲ ಎಂದು ಹದಿನೈದನೇ ಹಣಕಾಸು ಆಯೋಗದ ಷರತ್ತು. ಇದರ ಜೊತೆಗೆ ಜಮಾಬಂದಿ. ಇದರ ಜೊತೆಗೆ ಸಾಮಾಜಿಕ ಪರಿಶೋಧನೆ.

ಇಷ್ಟು ಜನ ನೋಡಿದ ಲೆಕ್ಕದಲ್ಲಿ 6 ದಿನ ಕಾಣೆಯಾದದ್ದು ಯಾರಿಗೂ ಕಾಣಲಿಲ್ಲ.

ಇದನ್ನು ನಿವೃತ್ತ ಪರಿಶೋಧಕರೊಬ್ಬರ ಮುಂದೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಾವು ಕಾಗದ ನೋಡ್ತೀವಪ್ಪ, ಕಟ್ಟೆ ನೋಡಲ್ಲ" ಅಂದರು. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಇರುವ ಸಿಬ್ಬಂದಿಯಲ್ಲಿ ವರ್ಷಕ್ಕೊಮ್ಮೆ ಪ್ರತಿ ಪಂಚಾಯಿತಿಯ ವಹಿ ತಿರುಗಿಸುವುದೇ ದೊಡ್ಡದು. ಅವರ ಮಾತಿನಲ್ಲಿ ನ್ಯಾಯವಿದೆ. ಕಾಗದ ಸರಿಯಿದ್ದರೆ ಅವರ ಪಾಲಿಗೆ ಕೆಲಸ ಸರಿಯಿದೆ. ಆದರೆ ಕಳ್ಳತನ ಮಾಡುವವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವನ ಓಚರಿಗೆ ಸಹಿ ಇರುತ್ತದೆ, ಎಂ.ಬಿ.ಯಲ್ಲಿ ಅಳತೆ ಇರುತ್ತದೆ, ಫೋಟೊ ಕೂಡ ಇರುತ್ತದೆ. ಆಕ್ಷೇಪಣೆಗೆ ಸಿಕ್ಕಿಬೀಳುವವರು ಹೆಚ್ಚಾಗಿ ಕಳ್ಳರಲ್ಲ, ಕಾಗದ ಸರಿಯಾಗಿ ಇಟ್ಟುಕೊಳ್ಳಲು ಬಾರದವರು.

ಎಂದರೆ ನಮ್ಮಲ್ಲಿರುವುದೆಲ್ಲ ಹೊರಗಿನ ತಪಾಸಣೆ. ಒಳಗಿನ ತಪಾಸಣೆ, ಅಂದರೆ ಆಂತರಿಕ ಪರಿಶೋಧನೆ ಎನ್ನುವುದು ರಾಜ್ಯ ಮಟ್ಟದ ಇಲಾಖೆಗಳಲ್ಲಿ ಆಂತರಿಕ ಆರ್ಥಿಕ ಸಲಹೆಗಾರರು ಎಂಬ ಹೆಸರಿನಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಮುಖ್ಯ ಲೆಕ್ಕಾಧಿಕಾರಿ ಎಂಬ ಹೆಸರಿನಲ್ಲಿ ಇದೆ. ಕೆಳಗಿಳಿದಂತೆ ತೆಳುವಾಗುತ್ತ ಬಂದು, ಗ್ರಾಮ ಪಂಚಾಯಿತಿಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಅಲ್ಲಿ ಬಿಲ್ಲು ಬರೆಯುವವರು, ಪಾಸು ಮಾಡುವವರು, ಸರಿಯಿದೆಯೇ ಎಂದು ನೋಡುವವರು ಒಂದೇ ಕೋಣೆಯ ಮೂರು ಕುರ್ಚಿಯಲ್ಲಿ ಕೂತವರು. ಕೆಲವು ಕಡೆ ಕುರ್ಚಿಯೂ ಒಂದೇ.

ನನ್ನ ವಾದ ಇಷ್ಟೇ: ಪಂಚಾಯಿತಿಯ ಮಟ್ಟಿಗೆ 'ಆಂತರಿಕ' ಎಂದರೆ ಕಚೇರಿಯ ಒಳಗೆ ಎಂದಲ್ಲ, ಊರಿನ ಒಳಗೆ ಎಂದು. ಇದು ಬರೀ ಭಾವುಕ ಮಾತಲ್ಲ ಎನ್ನಲು ಒಂದು ಸಾಕ್ಷಿ ಕೊಡುತ್ತೇನೆ. ನರೇಗಾದ ಹಾಜರಿ ಪಟ್ಟಿ, ನಾವು ಎನ್‌ಎಂಆರ್ ಅನ್ನುವುದು, ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತಿದೆ. ಚಿಕ್ಕವ್ವನ ಮನೆಯ ಜಗಲಿಯಲ್ಲಿ ಕೂತು, ಸಿಗ್ನಲ್ಲಿಗಾಗಿ ಮೊಬೈಲನ್ನು ಆಚೆ ಈಚೆ ತಿರುಗಿಸುತ್ತ, ಆ ಕಟ್ಟೆಯ ಕಾಮಗಾರಿಯ ಪಟ್ಟಿಯನ್ನು ತೆಗೆದು ಒಂದೊಂದೇ ಹೆಸರು ಓದಿದೆ. ಅವಳು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡಳು. ಐದನೆಯದೋ ಆರನೆಯದೋ ಹೆಸರಿಗೆ ಕೈ ನಿಂತಿತು. "ಇವ್ಳಾ? ಇವ್ಳು ಬೆಂಗ್ಳೂರ್ಗ ಗಾರ್ಮೆಂಟ್ಸ್‌ಗ ಹೋಗಿ ಎಲ್ಡ್ ವರ್ಸಾಯ್ತು." ಇನ್ನೂ ನಾಲ್ಕು ಹೆಸರು ಮುಂದೆ: "ಇವ್ನು ಹಾಸ್ಗ ಹಿಡ್ದವ್ನಲ್ಲ, ಇವ್ನೆಲ್ಲಿ ಹೂಳೆತ್ತನು?" ಪಟ್ಟಿ ಮುಗಿಯಲು ಹತ್ತು ನಿಮಿಷ ಹಿಡಿಯಿತು. ಹತ್ತು ನಿಮಿಷದಲ್ಲಿ ಮೂರನೇ ತರಗತಿ ಓದಿದ ಒಬ್ಬ ಹೆಂಗಸು, ಹತ್ತೊಂಬತ್ತು ಕಂಡಿಕೆಯ ವರದಿಯಲ್ಲಿ ಇಲ್ಲದ ಎರಡು ಕಂಡಿಕೆಗಳನ್ನು ಬರೆಸಿದಳು. ಪರಿಶೋಧಕರ ಬಳಿ ನಿಯಮದ ಪುಸ್ತಕವಿತ್ತು, ಅವಳ ಬಳಿ ಊರಿತ್ತು.

ಸೆಮಿನಾರುಗಳಲ್ಲಿ ಈ ವಿಷಯ ಬಂದಾಗ ಯಾರಾದರೂ ಕೌಟಿಲ್ಯನ ಮೀನನ್ನು ತರದೆ ಬಿಡುವುದಿಲ್ಲ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯಲಾಗದೋ ಹಾಗೆಯೇ ಅಧಿಕಾರಿ ಯಾವಾಗ ಹಣ ತಿಂದನೆಂದು ತಿಳಿಯಲಾಗದು ಎಂಬ ಆ ಮಾತು. ಚಪ್ಪಾಳೆ ಬೀಳುತ್ತದೆ, ಚಹಾ ಬರುತ್ತದೆ. ನನಗೆ ಈ ಮೀನಿನ ಮೇಲೆ ಸಿಟ್ಟಿದೆ. ಅದು ನೋಡುವವನನ್ನು ದಡದ ಮೇಲೆ ನಿಲ್ಲಿಸುತ್ತದೆ. ರಾಜನ ಕಡೆಯಿಂದ, ಮೇಲಿನಿಂದ ನೋಡಿದರೆ ಏನೂ ಕಾಣದು, ನಿಜ. ಅದೇ ನೀರಿನಲ್ಲಿ ಬೇರೆ ಮೀನುಗಳೂ ಇವೆಯಲ್ಲ? ಅವಕ್ಕೆ ಗೊತ್ತಿಲ್ಲವೆ? ತಿಳಿಯಲಾಗದು ಎನ್ನುವುದು ತಿಳಿಯಲು ಬೇಡವಾದವರಿಗೆ ಬಹಳ ಅನುಕೂಲದ ತತ್ವ.

ಕನ್ನಡದವರಿಗೆ ಮೀನಿನ ಬದಲು ನೆನೆಯಲು ಬೇರೆ ಇದೆ. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಬಸವಣ್ಣ ಬಿಜ್ಜಳನ ಆಡಳಿತದ ಒಳಗೆ ಕಾಲಿಡುವುದು ಯಾವ ಪವಾಡದಿಂದಲೂ ಅಲ್ಲ, ಕರಣಿಕರು ಬರೆಯುತ್ತಿದ್ದ ಲೆಕ್ಕದಲ್ಲಿ ಒಂದು ತಪ್ಪನ್ನು ಕಂಡು ತೋರಿಸಿದ್ದರಿಂದ. ಆಗ ಅವನು ಅಧಿಕಾರಿಯಲ್ಲ, ಪಕ್ಕದಲ್ಲಿ ನಿಂತು ನೋಡಿದ ಒಬ್ಬ ಹೊರಗಿನವನು. ಆಮೇಲೆ ಭಂಡಾರಿಯಾದ. ನಾವು ಸಾಹಿತ್ಯ ವಿಭಾಗದವರು ಇದನ್ನು ನಾಯಕನ ಜಾಣತನಕ್ಕೆ ಒಂದು ಉದಾಹರಣೆ ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತೇವೆ. ಪರೀಕ್ಷೆಗೆ ಐದು ಅಂಕ.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ನಂಜನಗೂಡು, ತಿ. ನರಸೀಪುರ ಸೀಮೆಯ ದಾನಶಾಸನಗಳನ್ನು, ಬಿ.ಎಲ್. ರೈಸ್ 1894ರಲ್ಲಿ ತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೇ ಸಂಪುಟದಲ್ಲಿ ಈ ಎರಡು ತಾಲ್ಲೂಕೂ ಇವೆ. ಹೀಗಾಗಿ "ನಿನಗ್ಯಾಕಯ್ಯ ಪಂಚಾಯಿತಿ ಲೆಕ್ಕ?" ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿದೆ. ಶಾಸನವೆಂದರೆ ಕಲ್ಲಿಗೆ ಹಾಕಿದ ಲೆಕ್ಕ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವ ಕೆರೆಯ ಕೆಳಗಿನ ಗದ್ದೆ, ಮೂಡಲ ಎಲ್ಲೆ ಯಾವುದು, ಪಡುವಲ ಎಲ್ಲೆ ಯಾವುದು, ಆದಾಯದಲ್ಲಿ ನಂದಾದೀಪಕ್ಕೆ ಎಷ್ಟು, ಪಾತ್ರದವರಿಗೆ ಎಷ್ಟು, ಎಲ್ಲವನ್ನೂ ಊರ ನಡುವೆ ಎದ್ದು ಕಾಣುವಂತೆ ನಿಲ್ಲಿಸುತ್ತಿದ್ದರು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರೆಲ್ಲ ಕೇಶವನ ಗುಡಿಯ ಶಿಲ್ಪದ ಫೋಟೊ ತೆಗೆದುಕೊಳ್ಳುತ್ತಾರೆ. ಬಾಗಿಲ ಬಳಿಯ ಶಾಸನದ ಕಲ್ಲಿಗೆ ಒರಗಿಕೊಂಡು ನೀರು ಕುಡಿಯುತ್ತಾರೆ. ಆ ಕಲ್ಲು ಆ ಊರಿನ ದತ್ತಿಯ ಲೆಕ್ಕಪತ್ರ. ಕೊನೆಗೆ ಬರುವ ಶಾಪ, ಇದಕ್ಕೆ ತಪ್ಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎನ್ನುವುದು, ಆ ಕಾಲದ ಅನುಪಾಲನಾ ವರದಿ. ಇವತ್ತಿನದಕ್ಕಿಂತ ಅದಕ್ಕೆ ಜನ ಸ್ವಲ್ಪ ಹೆಚ್ಚೇ ಹೆದರುತ್ತಿದ್ದರೇನೋ.

ಆದರೆ ಹಳೆಯದನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ತಮಿಳುನಾಡಿನ ಉತ್ತರಮೇರೂರಿನ ಹತ್ತನೇ ಶತಮಾನದ ಚೋಳ ಶಾಸನವನ್ನು ಗ್ರಾಮ ಸ್ವರಾಜ್ಯದ ಭಾಷಣಕಾರರೆಲ್ಲ ಎತ್ತಿ ಆಡುತ್ತಾರೆ: ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಷ್ಟೇ ಅಲ್ಲ, ಅವನ ಹತ್ತಿರದ ನೆಂಟರೂ ಮತ್ತೆ ಆಯ್ಕೆಗೆ ನಿಲ್ಲುವಂತಿರಲಿಲ್ಲ. ಒಳ್ಳೆಯ ನಿಯಮವೇ. ಆದರೆ ಅದು ಜಮೀನುಳ್ಳ ಬ್ರಾಹ್ಮಣರ ಸಭೆ. ನನ್ನ ಚಿಕ್ಕವ್ವನಂಥವರು ಅದರ ಹತ್ತಿರ ಸುಳಿಯುವಂತಿರಲಿಲ್ಲ, ಸುಳಿದರೂ ಅವರ ಹುಂಜದ ಮಾತು ಅಲ್ಲಿ ಬರುತ್ತಿರಲಿಲ್ಲ. ನಮ್ಮ ಕಡೆಯ ಶಾನುಭೋಗರ ಕಡತವೂ ಹಾಗೆಯೇ. ಹುಣಸೆಬೀಜದ ಸರಿ ಮತ್ತು ಇದ್ದಿಲು ಮೆತ್ತಿದ ಕಪ್ಪು ಬಟ್ಟೆಯ ಮಡಿಕೆಯ ಮೇಲೆ ಬಳಪದಲ್ಲಿ ಬರೆದ ಆ ಲೆಕ್ಕವನ್ನು ಓದಬಲ್ಲವನು ಊರಿಗೆ ಒಬ್ಬನೇ. 1961ರ ಕಾಯ್ದೆ ಆ ವಂಶಪಾರಂಪರ್ಯ ಹುದ್ದೆಯನ್ನು ತೆಗೆದುಹಾಕಿತು. ಒಬ್ಬನೇ ಓದಬಲ್ಲ ಲೆಕ್ಕ ಎಂಬ ಪದ್ಧತಿಯನ್ನು ತೆಗೆದುಹಾಕಲಿಲ್ಲ. ಕಡತ ಹೋಗಿ ಪಂಚತಂತ್ರ ತಂತ್ರಾಂಶ ಬಂದಿದೆ; ಪಾಸ್‌ವರ್ಡು ಇರುವುದು ಈಗಲೂ ಅದೇ ಕೋಣೆಯಲ್ಲಿ.

ಊರೊಳಗಿನ ತಪಾಸಣೆಗೆ ಕಾನೂನು ಇಲ್ಲವೆಂದಲ್ಲ, ಎರಡೆರಡು ಇವೆ. ಒಂದು ಜಮಾಬಂದಿ. ಹಳೆಯ ಕಂದಾಯದ ಮಾತು, ಸಾಹೇಬರು ವರ್ಷಕ್ಕೊಮ್ಮೆ ಬಂದು ಊರಿನ ಲೆಕ್ಕ ನೋಡುತ್ತಿದ್ದ ಕಾಲದ್ದು. ಈಗ ಅದು ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ದಾಖಲೆಗಳನ್ನು ಜನರ ಮುಂದಿಟ್ಟು, ಕಾಮಗಾರಿಗಳನ್ನು ಕಣ್ಣಾರೆ ನೋಡಿ ನಡೆಸಬೇಕಾದ ಸಭೆ. ಇನ್ನೊಂದು ಸಾಮಾಜಿಕ ಪರಿಶೋಧನೆ, 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಪ್ರಕರಣದಿಂದ ಬಂದದ್ದು. ಆರು ತಿಂಗಳಿಗೊಮ್ಮೆಯಾದರೂ ಆಗಬೇಕೆಂದು 2011ರ ನಿಯಮಗಳು ಹೇಳಿದವು. ಇದರ ಬೇರು ರಾಜಸ್ಥಾನದಲ್ಲಿದೆ. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನಸುನವಾಯಿ ಮಾಡಿ ಸರ್ಕಾರಿ ಹಾಜರಿ ಪಟ್ಟಿಯನ್ನು, ಬಿಲ್ಲುಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಅಷ್ಟೇ ಮಾಡಿದ್ದು. ಗಟ್ಟಿಯಾಗಿ ಓದಿದ್ದು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ದೇಶಕ್ಕೆ ಮಾಹಿತಿ ಹಕ್ಕಿನ ಕಾಯ್ದೆಯನ್ನು ತಂದುಕೊಟ್ಟಿತು. ಗಮಕದ ಪರಂಪರೆಯ ಬಗ್ಗೆ ಹೆಮ್ಮೆಪಡುವ ಭಾಷೆಯವರು ನಾವು; ಹಾಜರಿ ಪಟ್ಟಿಯನ್ನು ಮಾತ್ರ ಮೌನವಾಗಿ ಓದುತ್ತೇವೆ.

ನಾನು ಕಂಡ ಒಂದು ಜಮಾಬಂದಿ ಹೀಗಿತ್ತು. ನೋಟಿಸನ್ನು ಪಂಚಾಯಿತಿಯ ಬಾಗಿಲ ಒಳಮೈಗೆ ಅಂಟಿಸಿದ್ದರು. ದಿನ ಬುಧವಾರ, ಹೊತ್ತು ಹನ್ನೊಂದು ಗಂಟೆ, ಹೊಲದಲ್ಲಿ ಕಳೆ ಕೀಳುವ ಕಾಲ. ಬಂದವರು ಸದಸ್ಯರು, ಕೆಲವು ಸದಸ್ಯೆಯರ ಗಂಡಂದಿರು, ಮತ್ತು ಉಪ್ಪಿಟ್ಟು. ಬೇರೆ ಇಲಾಖೆಯಿಂದ ಬಂದಿದ್ದ ಅಧಿಕಾರಿ ಪ್ರಾಮಾಣಿಕರಾಗಿಯೇ ಕಂಡರು, "ಏನಾದರೂ ಪ್ರಶ್ನೆ ಇದೆಯೇ?" ಎಂದು ಎರಡು ಸಲ ಕೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದವರು ನನ್ನ ಸೋದರಮಾವನ ಬೀಗರು, ಎದುರು ಮೇಜಿನ ಹಿಂದೆ ಕೂತಿದ್ದವರು ಅವರ ಮಗನ ಗೆಳೆಯ. ಪ್ರಶ್ನೆ ಗಂಟಲಿಗೆ ಬಂದು ಉಪ್ಪಿಟ್ಟಿನ ಜೊತೆ ಇಳಿದುಹೋಯಿತು. ಇದನ್ನು ಬರೆಯದೆ ಬೇರೆಯವರ ಮೇಲೆ ಸಿಟ್ಟಾಗುವುದು ಸರಿಯಲ್ಲ.

ಇಲ್ಲೇ ನನ್ನ ವಾದದ ದುರ್ಬಲ ಜಾಗವಿದೆ, ಎದುರಾಳಿಗಳು ಇಲ್ಲೇ ಹೊಡೆಯುತ್ತಾರೆ. ಊರಿನವರಿಗೆ ಎಲ್ಲವೂ ಗೊತ್ತು, ಆದ್ದರಿಂದಲೇ ಊರಿನವರು ಏನನ್ನೂ ಹೇಳಲಾರರು. ನಾಳೆ ಅದೇ ಮನುಷ್ಯನ ಹತ್ತಿರ ಮನೆಯ ಖಾತೆಗೆ, ಪಿಂಚಣಿಗೆ ಹೋಗಬೇಕು. ಚಿಕ್ಕವ್ವನಿಗೆ "ನೀನೇ ಬಂದು ಹೇಳು" ಅಂದಾಗ ಅವಳ ಉತ್ತರ ಚಿಕ್ಕದಾಗಿತ್ತು: "ಲೆಕ್ಕ ಕೇಳ್ದೋರ್ಗ ಮುಂದ್ಕ ಕೆಲ್ಸ ಕೊಟ್ಟಾರಾ?" ಗ್ರಾಮ ಪಂಚಾಯಿತಿ ಒಂದು ದ್ವೀಪ. ಎಲ್ಲರೂ ಎಲ್ಲರಿಗೂ ನೆಂಟರು, ಇಲ್ಲವೇ ಸಾಲಗಾರರು, ಇಲ್ಲವೇ ಎದುರು ಪಾರ್ಟಿ.

ನಿಜವಾದ ದ್ವೀಪಗಳಿಗೂ ಇದೇ ತಾಪತ್ರಯ. ಪೆಸಿಫಿಕ್ ಸಾಗರದ ಕಿರಿಬಾಟಿ, ನೌರು, ಟುವಾಲು ದೇಶಗಳು ನಮ್ಮ ಒಂದೊಂದು ಹೋಬಳಿ, ತಾಲ್ಲೂಕಿನಷ್ಟು ಜನರಿರುವಂಥವು. ಸರ್ಕಾರದ ಲೆಕ್ಕ ನೋಡಬೇಕಾದವರು ಬೆರಳೆಣಿಕೆಯಷ್ಟು, ನೋಡಬೇಕಾದ ಕಚೇರಿಯಲ್ಲಿ ಅಣ್ಣನೋ ಭಾವನೋ. ಅವರು ಕಂಡುಕೊಂಡ ದಾರಿ: ಆ ಪ್ರದೇಶದ ಲೆಕ್ಕ ಪರಿಶೋಧನಾ ಸಂಸ್ಥೆಗಳ ಒಕ್ಕೂಟದ ನೆರವಿನಿಂದ ಮೂರೂ ದೇಶಗಳ ಪರಿಶೋಧಕರು ಒಂದು ತಂಡವಾಗಿ ಒಬ್ಬರ ದ್ವೀಪದ ಲೆಕ್ಕವನ್ನು ಇನ್ನೊಬ್ಬರು ಕೂಡಿ ನೋಡುವುದು. ದ್ವೀಪದ ಬದುಕು ಗೊತ್ತಿರುವವರು, ಆದರೆ ಆ ದ್ವೀಪದವರಲ್ಲ. ಇಲ್ಲೇ ಪಕ್ಕದ ಆಂಧ್ರದಲ್ಲಿ 2006ರಿಂದ ನಡೆದದ್ದೂ ಹೆಚ್ಚುಕಮ್ಮಿ ಇದೇ. ಕೂಲಿಕಾರರ ಮನೆಯ ಮಕ್ಕಳಿಗೇ ತರಬೇತಿ ಕೊಟ್ಟು, ಅವರ ಊರು ಬಿಟ್ಟು ಬೇರೆ ಊರಿಗೆ ಕಳಿಸಿ, ಮನೆ ಮನೆಗೆ ಹೋಗಿ ಪಟ್ಟಿ ಓದಿಸಿ, ಕೊನೆಗೆ ಬಹಿರಂಗ ವಿಚಾರಣೆ ಮಾಡಿದರು. ಅದಕ್ಕೆಂದೇ ಇಲಾಖೆಯ ಹಿಡಿತದಿಂದ ದೂರವಿರುವ ಸಂಸ್ಥೆಯನ್ನು ಕಟ್ಟಿದರು.

ಕರ್ನಾಟಕದಲ್ಲೂ ಸಾಮಾಜಿಕ ಪರಿಶೋಧನಾ ನಿರ್ದೇಶನಾಲಯವಿದೆ. ಅಲ್ಲಿ ದುಡಿಯುವವರಲ್ಲಿ ಬಿಸಿಲು ಮಳೆ ಎನ್ನದೆ ತಿರುಗುವವರನ್ನು ನಾನು ಬಲ್ಲೆ, ಅವರ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಅವರು ಬರೆದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ. ವರದಿಯ ಮೇಲೆ ಕ್ರಮ ಕೈಗೊಳ್ಳಬೇಕಾದದ್ದು ಕಾಮಗಾರಿ ಮಾಡಿಸಿದ ಇಲಾಖೆಯೇ. ಬೇಲಿ ಹೊಲ ಮೇಯ್ದ ದೂರನ್ನು ಬೇಲಿಯ ಬಳಿಯೇ ಒಪ್ಪಿಸಿದ ಹಾಗೆ. ನರೇಗಾ ವೆಚ್ಚದ ಶೇ. 0.5ರಷ್ಟನ್ನು ಸಾಮಾಜಿಕ ಪರಿಶೋಧನೆಗೆ ಮೀಸಲಿಡಲು ಅವಕಾಶವಿತ್ತು. ನೂರು ರೂಪಾಯಿಯ ಕೆಲಸವನ್ನು ಊರಿನ ಕಣ್ಣಿನಿಂದ ನೋಡಲು ಐವತ್ತು ಪೈಸೆ. ಅದರ ಬದಲು ನಾವು ನಂಬಿದ್ದು ಆ್ಯಪನ್ನು. 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಗೆ ದಿನಕ್ಕೆರಡು ಫೋಟೊ ಕಡ್ಡಾಯವಾಯಿತು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಫೋಟೊಗಳನ್ನೂ ಫೋಟೊದ ಫೋಟೊಗಳನ್ನೂ ಏರಿಸುತ್ತಿದ್ದಾರೆ ಎಂದು ಗೋಳಾಡಿತು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದವಳು ಯಾರೆಂದು ಆ್ಯಪಿಗೆ ಹೇಗೆ ಗೊತ್ತಾಗಬೇಕು? ಯೋಜನೆಯ ಹೆಸರು ನಾಳೆ ಬದಲಾಗಬಹುದು, ಆ್ಯಪು ಬದಲಾಗಬಹುದು. ಪಟ್ಟಿಯಲ್ಲಿರುವ ಹೆಸರಿಗೂ ಕಟ್ಟೆಯಲ್ಲಿ ಇಳಿದ ಕಾಲಿಗೂ ಇರುವ ದೂರವನ್ನು ಅಳೆಯಬಲ್ಲವರು ಬದಲಾಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ನಂಜನಗೂಡು ತಾಲ್ಲೂಕಿನ ಸ್ತ್ರೀಶಕ್ತಿ ಸಂಘದ ಹೆಂಗಸರು ತಿ. ನರಸೀಪುರದ ಊರುಗಳಿಗೆ ಹೋಗಲಿ, ಅಲ್ಲಿಯವರು ಇಲ್ಲಿಗೆ ಬರಲಿ. ಕಪಿಲೆಯ ನೀರು ದಿನಾ ಇಲ್ಲಿಂದ ಅಲ್ಲಿಗೆ ಹೋಗುತ್ತಿದೆ, ಇದು ಕಷ್ಟವಲ್ಲ. ಹಾಜರಿ ಪಟ್ಟಿಯನ್ನು ಅರಳಿಕಟ್ಟೆಯ ಮೇಲೆ, ಸಂಜೆ ಏಳಕ್ಕೆ, ಕೆಲಸದಿಂದ ಎಲ್ಲರೂ ಮರಳಿದ ಮೇಲೆ, ಹೆಸರು ಹೆಸರಾಗಿ ಓದಲಿ. ಓದುವವರು ಹೊರಗಿನವರಾದರೆ ಓದಿದ ತಪ್ಪು ಊರಿನ ಯಾರ ತಲೆಗೂ ಬರುವುದಿಲ್ಲ. ಕೇಳುವವರು ಒಳಗಿನವರಾದರೆ ಸುಳ್ಳು ಅಡಗುವುದಿಲ್ಲ. ಹತ್ತು ಜನ ಒಟ್ಟಿಗೆ ನಕ್ಕರೆ ಯಾರು ಮೊದಲು ನಕ್ಕರೆಂದು ಯಾವ ಪಿಡಿಒ ಕೂಡ ಬರೆದುಕೊಳ್ಳಲಾರರು. ವರದಿಯ ಮೇಲಿನ ಕ್ರಮವನ್ನು ಇಲಾಖೆಯ ಹೊರಗಿನ ಒಬ್ಬರಿಗೆ ಒಪ್ಪಿಸಲಿ. ಮತ್ತು ವರದಿಯನ್ನು ಓದಬಲ್ಲ ಕನ್ನಡದಲ್ಲಿ ಬರೆಯಲಿ. ಈ ಕೊನೆಯ ಕೆಲಸಕ್ಕೆ ಪರಿಶೋಧಕರನ್ನು ಕಾಯಬೇಕಾಗಿಲ್ಲ, ನಮ್ಮಂಥ ಕನ್ನಡ ಎಂ.ಎ.ಗಳು ಕೆಲಸವಿಲ್ಲದೆ ಕೂತಿದ್ದೇವೆ. ಹಳಗನ್ನಡದ ಕಲ್ಲನ್ನು ಓದಿ ಅರ್ಥ ಬಿಡಿಸುವವರಿಗೆ ಕಂಡಿಕೆಯೊಂದನ್ನು ಬಿಡಿಸುವುದು ಕಷ್ಟವೆ?

ಚಿಕ್ಕವ್ವನ ಊರಿನ ಪಂಚಾಯಿತಿಗೆ ಮೊನ್ನೆ ಒಂದು ಅರ್ಜಿ ಕೊಟ್ಟು ಬಂದೆ, ಮುಂದಿನ ಜಮಾಬಂದಿಯ ದಿನ, ಹೊತ್ತು, ನೋಟಿಸು ಅಂಟಿಸುವ ಜಾಗವನ್ನು ಮೊದಲೇ ತಿಳಿಸಬೇಕೆಂದು. ಅರ್ಜಿಯಲ್ಲಿ ನನ್ನ ಹೆಸರಿದೆ, ಅವಳದಿಲ್ಲ.